ಮೂರು ಮನೆ ಟೈಲ್ಸ್ ಮುಗಿದಿದೆ, ಬಾಕಿ 3,17,600 ಕೇಳಿದರೆ ಬಿಲ್ಡರ್ 'ಟೊಳ್ಳು' ಅಂತ ಡೆಬಿಟ್ (ಕಡಿತ) ಹಾಕುತ್ತಿದ್ದಾರೆ. ಏನು ಮಾಡಲಿ?

ಟೈಲ್ಸ್ ಮೇಸ್ತ್ರಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಟೈಲ್ಸ್ ಸಬ್ ಕಾಂಟ್ರಾಕ್ಟ್ ಮಾಡುತ್ತೇನೆ. ಜೊತೆಗೆ ಆರು ಜನ ಹುಡುಗರಿದ್ದಾರೆ. ರಿಂಗ್ ರೋಡ್ ಆಚೆ ಒಬ್ಬ ಬಿಲ್ಡರ್ ಕಟ್ಟಿದ ಮೂರು ಮನೆಗಳ ಟೈಲ್ಸ್ ನಾವೇ ಹಾಕಿದ್ದು. ಲೇಬರ್ ಮಾತ್ರ ನಮ್ಮದು, ಮೆಟೀರಿಯಲ್ ಎಲ್ಲ ಅವರದು. ರೇಟ್ ಬಾಯಿಮಾತಿನಲ್ಲೇ ಆಗಿತ್ತು.

ಲೆಕ್ಕ ಹೀಗಿದೆ. ನೆಲ 8,400 ಚದರ ಅಡಿ, 34 ರೂಪಾಯಿಯಂತೆ 2,85,600. ಬಾತ್‌ರೂಮ್, ಅಡುಗೆಮನೆ ಗೋಡೆ 4,200 ಚದರ ಅಡಿ, 40ರಂತೆ 1,68,000. ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) 1,900 ರನ್ನಿಂಗ್ ಅಡಿ, 20ರಂತೆ 38,000. ಮೆಟ್ಟಿಲಿನ ಗ್ರಾನೈಟ್ ಮನೆಗೆ 22,000ದಂತೆ 66,000. ಒಟ್ಟು 5,57,600. ಕೈಗೆ ಬಂದದ್ದು 2,40,000. ಬಾಕಿ 3,17,600.

ಬಿಲ್ ವಾಟ್ಸಾಪ್‌ನಲ್ಲಿ ಕಳಿಸಿದಾಗ 'ಲೆಕ್ಕ ಸರಿ ಇದೆ, ಹಬ್ಬ ಆದ ಮೇಲೆ ಸೆಟಲ್ ಮಾಡ್ತೀನಿ' ಅಂತ ಉತ್ತರ ಬಂತು. ಹಬ್ಬ ಆಯ್ತು. ಆಮೇಲೆ ಇವತ್ತು, ನಾಳೆ ಅಂತ ಎಳೆದಾಡಿಸಿದರು. ಈಗ ಕೇಳಿದರೆ ಮೂರನೇ ಮನೆಯಲ್ಲಿ ಟೈಲ್ಸ್ ಟೊಳ್ಳು ಹೊಡೆಯುತ್ತಿದೆ (ಅಡಿಯಲ್ಲಿ ಅಂಟದೆ ಪೊಳ್ಳಾಗಿದೆ), ಅದಕ್ಕೆ 1,20,000 ಡೆಬಿಟ್ ಅನ್ನುತ್ತಾರೆ. ಉಳಿದದ್ದಕ್ಕೂ ದಿನಾಂಕ ಹೇಳುತ್ತಿಲ್ಲ. ಹುಡುಗರ ಬಟವಾಡೆಯನ್ನು ನಾನು ಕೈಗಡ ತಂದು ಕೊಟ್ಟಿದ್ದೇನೆ. ಕಾಗದದಲ್ಲಿ ಕರಾರು ಇಲ್ಲದೆ ಈ ದುಡ್ಡು ವಸೂಲಿ ಮಾಡುವ ದಾರಿ ಇದೆಯಾ?

ಪೇಂಟಿಂಗ್ ಕಾಂಟ್ರಾಕ್ಟ್, ಹಾಸನ

ಅಣ್ಣ, ಒಳ್ಳೆ ಮಾತಿಗೆ ಇವರು ಬಗ್ಗೋದಿಲ್ಲ. ಮನೆ ಬೀಗ ಹಾಕಿರೋದಾದರೆ ಹುಡುಗರನ್ನ ಕರ್ಕೊಂಡು ಹೋಗಿ ಒಂದು ಹಾಲ್ ಟೈಲ್ಸ್ ಕಿತ್ತುಬಿಡಿ. ಮರುದಿನವೇ ಫೋನ್ ಬರುತ್ತೆ.

ಸಿವಿಲ್ ವಕೀಲ, ತುಮಕೂರು

ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. ನೆಲಕ್ಕೆ ಕೂತ ಟೈಲ್ಸ್ ಈಗ ಮನೆಯ ಭಾಗ. ಅದು ಬಿಲ್ಡರ್‌ದೂ ಅಲ್ಲ, ಮನೆ ಕೊಂಡವರದು. ಒಳಗೆ ನುಗ್ಗಿದರೆ ಅತಿಕ್ರಮ ಪ್ರವೇಶ, ಕಿತ್ತರೆ ಆಸ್ತಿ ಹಾನಿ, ಎರಡೂ ಕ್ರಿಮಿನಲ್ ಕೇಸು. ಇವತ್ತು ದುಡ್ಡು ಬರಬೇಕಾದವರು ನೀವು. ಅದನ್ನು ಮಾಡಿದ ಮರುಕ್ಷಣ ಆರೋಪಿ ಆಗುತ್ತೀರಿ, ಮತ್ತೆ ರಾಜಿ ಮಾತಿನಲ್ಲಿ ಬಿಲ್ಡರ್‌ದೇ ಮೇಲುಗೈ.

ಮೇಸ್ತ್ರಿಗಳೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬಾಯಿಮಾತಿನ ಕರಾರೂ ಕರಾರೇ. 1872ರ ಕರಾರು ಕಾಯ್ದೆಯಲ್ಲಿ ಇಂಥ ಕೆಲಸಕ್ಕೆ ಕಾಗದ ಇರಲೇಬೇಕು ಅಂತ ಇಲ್ಲ. ರೇಟ್ ಬಗ್ಗೆ ತಕರಾರು ಎದ್ದರೂ ಅದೇ ಕಾಯ್ದೆಯ 70ನೇ ಸೆಕ್ಷನ್ ಇದೆ. ಪುಕ್ಕಟೆ ಅಂತ ಅಲ್ಲದೆ ಒಬ್ಬರು ಮಾಡಿಕೊಟ್ಟ ಕೆಲಸದ ಲಾಭವನ್ನು ಇನ್ನೊಬ್ಬರು ಪಡೆದರೆ ಅದರ ಬೆಲೆ ಕೊಡಬೇಕು.

ನಿಮ್ಮ ಹತ್ತಿರ ಇರುವ ದೊಡ್ಡ ಸಾಕ್ಷಿ ಆ ವಾಟ್ಸಾಪ್ ಉತ್ತರ. 'ಲೆಕ್ಕ ಸರಿ ಇದೆ' ಅಂತ ಒಪ್ಪಿದ್ದು ಮೊದಲು, ಟೊಳ್ಳಿನ ಮಾತು ಬಂದದ್ದು ಆಮೇಲೆ. ಈ ಕ್ರಮ ತುಂಬ ಮುಖ್ಯ. ಸ್ಕ್ರೀನ್‌ಶಾಟ್ ಒಂದೇ ಸಾಲದು. ಆ ಮೆಸೇಜ್ ಇರುವ ಫೋನ್ ಮಾರಬೇಡಿ, ಚಾಟ್ ಅಳಿಸಬೇಡಿ. ಕೋರ್ಟಿಗೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಒಂದು ಸರ್ಟಿಫಿಕೇಟ್ ಜೊತೆಗಿರಬೇಕು.

ಕಾಲಮಿತಿ ನೆನಪಿರಲಿ. ದುಡ್ಡು ಯಾವಾಗ ಅಂತ ಮಾತಾಗದ ಕೆಲಸಕ್ಕೆ, ಕೆಲಸ ಮುಗಿದ ದಿನದಿಂದ ಮೂರು ವರ್ಷ.

ಟೈಲ್ಸ್ ಮೇಸ್ತ್ರಿ, ಮೈಸೂರು

ತುಂಬ ಉಪಕಾರ ಆಯ್ತು ಸರ್. ಕೆಲಸ ಮುಗಿದು ವರ್ಷ ಕೂಡ ಆಗಿಲ್ಲ. ಕೀಳುವ ಯೋಚನೆ ನನಗಿಲ್ಲ. ಕೈಯಾರೆ ಹಾಕಿದ ನೆಲ ಅದು. ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡು ಅಂತ ಕೆಲವರು ಹೇಳುತ್ತಿದ್ದಾರೆ. ಅದರಿಂದ ಪ್ರಯೋಜನ ಇದೆಯಾ?

ಸಿವಿಲ್ ವಕೀಲ, ತುಮಕೂರು

ಇಲ್ಲ. ಸ್ಟೇಷನ್‌ನಲ್ಲಿ ಸಿವಿಲ್ ಮ್ಯಾಟರ್ ಅಂತ ಹಿಂಬರಹ ಕೊಟ್ಟು ಕಳಿಸುತ್ತಾರೆ. ಕೊಡಬೇಕಾದ ದುಡ್ಡು ಕೊಟ್ಟಿಲ್ಲ ಅಂದ ಮಾತ್ರಕ್ಕೆ ವಂಚನೆ ಆಗುವುದಿಲ್ಲ. ಕೆಲಸ ಕೊಡುವಾಗಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. ನಿಮಗೆ 2,40,000 ಬಂದಿದೆ, ಹಾಗಾಗಿ ಅದನ್ನು ತೋರಿಸುವುದು ಕಷ್ಟ.

ಎಲೆಕ್ಟ್ರಿಕಲ್ ಗುತ್ತಿಗೆದಾರ, ಹುಬ್ಬಳ್ಳಿ

ಅಲ್ರೀ ಮೇಸ್ತ್ರಿಗಳೇ, ಎಲ್ಲರೂ ಬಾಕಿ ದುಡ್ಡಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ನನಗೆ ಆ 1,20,000ದ ಬಗ್ಗೆ ಕೇಳಬೇಕಾಗಿದೆ. ಎಷ್ಟು ಟೈಲ್ಸ್ ಟೊಳ್ಳು? ಯಾವ ರೂಮ್? ಯಾರು ಎಣಿಸಿದರು? ಎಣಿಕೆ ಇಲ್ಲದ ಡೆಬಿಟ್ ಅಂದರೆ ಬಾಯಿಗೆ ಬಂದ ಅಂಕಿ ಅಷ್ಟೇ ರೀ.

ನಮ್ಮಲ್ಲೂ ಇದೇ ಆಟ ನಡೆಯುತ್ತದೆ. ಗೋಡೆಯೊಳಗೆ ಪೈಪ್ ಹೋಗಿ ಪ್ಲಾಸ್ಟರ್ ಆದ ಮೇಲೆ 'ಇಷ್ಟು ಪಾಯಿಂಟ್ ಇಲ್ಲ' ಅನ್ನುತ್ತಾರೆ. ಅದಕ್ಕೆ ಗೋಡೆ ಮುಚ್ಚುವ ಮೊದಲೇ ಸೈಟ್ ಇಂಜಿನಿಯರ್ ಜೊತೆ ನಿಂತು ಎಣಿಸಿ, ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಿ ಮುಂದಕ್ಕೆ ಹೋಗುತ್ತೇನೆ. ಸಹಿ ಇಲ್ಲದಿದ್ದರೆ ನನ್ನ ಹುಡುಗರು ಮುಂದಿನ ಮಹಡಿಗೆ ಹತ್ತುವುದಿಲ್ಲ. ನಿಮ್ಮ ಕೆಲಸ ಮುಗಿದಿರಬಹುದು, ಆದರೆ ಟೈಲ್ಸ್ ಕಣ್ಣೆದುರಿಗೇ ಇದೆ. ಈಗಲೂ ಇಬ್ಬರೂ ಕೂಡಿ ಅಳೆಯಬಹುದು. ಮೊದಲು ಅದನ್ನು ಕೇಳಿರಿ.

ಸೈಟ್ ಇಂಜಿನಿಯರ್, ಬೆಂಗಳೂರು

ಹುಬ್ಬಳ್ಳಿ ಅಣ್ಣನವರ ಮಾತು ನೂರಕ್ಕೆ ನೂರು ಸರಿ. ಒಂದು ತಾಂತ್ರಿಕ ವಿಷಯ ಕೇಳಬೇಕಿತ್ತು. ಯಾವ ಟೈಲ್ಸ್? ಅದರ ಕೆಳಗೆ ಏನು ಹಾಕಿದ್ರಿ?

ಟೈಲ್ಸ್ ಮೇಸ್ತ್ರಿ, ಮೈಸೂರು

ಎರಡಕ್ಕೆ ನಾಲ್ಕು ಅಡಿ ವಿಟ್ರಿಫೈಡ್ ಸರ್. ಮೊದಲ ಎರಡು ಮನೆಗೆ ಟೈಲ್ ಅಡ್ಹೆಸಿವ್ (ಅಂಟು, ನಾವು ಗಮ್ ಅನ್ನುತ್ತೇವೆ) ಕೊಟ್ಟರು. ಮೂರನೆಯದಕ್ಕೆ ಬರೀ ಸಿಮೆಂಟು, ಮರಳು ಕಳಿಸಿದರು. 'ಸರ್, ಇಷ್ಟು ದೊಡ್ಡ ಪೀಸಿಗೆ ಗಮ್ ಬೇಕು' ಅಂತ ವಾಯ್ಸ್ ಮೆಸೇಜ್ ಹಾಕಿದ್ದೆ. 'ಇದರಲ್ಲೇ ಹಾಕಿ, ಬಜೆಟ್ ಇಲ್ಲ' ಅಂತ ವಾಯ್ಸಲ್ಲೇ ಉತ್ತರ ಬಂದಿದೆ.

ಸೈಟ್ ಇಂಜಿನಿಯರ್, ಬೆಂಗಳೂರು

ಹಾಗಾದರೆ ಅರ್ಧ ಉತ್ತರ ಅಲ್ಲೇ ಇದೆ. ವಿಟ್ರಿಫೈಡ್ ಟೈಲ್ ನೀರು ಹೀರುವುದು ಶೇ. 0.5ಕ್ಕಿಂತ ಕಡಿಮೆ. ಹಳೆಯ ಸೆರಾಮಿಕ್ ಟೈಲ್‌ನ ಬೆನ್ನು ಸಿಮೆಂಟ್ ಹಾಲನ್ನು ಎಳೆದುಕೊಂಡು ಕಚ್ಚುತ್ತಿತ್ತು. ಇದು ಎಳೆದುಕೊಳ್ಳುವುದಿಲ್ಲ. ಅದಕ್ಕೇ ಪಾಲಿಮರ್ ಸೇರಿಸಿದ ಅಡ್ಹೆಸಿವ್ ಬೇಕು. ಬರೀ ಸಿಮೆಂಟ್ ಮೇಲೆ ಕೂರಿಸಿದರೆ ಎಂಥ ಕೈ ಆದರೂ ಕೆಲವು ಪೀಸು ಬಿಟ್ಟುಕೊಳ್ಳುತ್ತವೆ.

ಆದರೆ ಎಲ್ಲ ತಪ್ಪೂ ಮೆಟೀರಿಯಲ್‌ದೇ ಅಂತ ನೋಡದೆ ಹೇಳಲು ಬರುವುದಿಲ್ಲ. ಅಂಚು, ಮೂಲೆಯಲ್ಲಿ ಮಾತ್ರ ಟೊಳ್ಳಿದ್ದರೆ ಹಾಕುವಾಗ ಗಾರೆ ಪೂರ್ತಿ ಹರಡಿಲ್ಲ ಅಂತ ಅರ್ಥ, ಅದು ಕೆಲಸದವರ ಕಡೆಗೆ ಬರುತ್ತದೆ. ಇಡೀ ಪೀಸು ಟೊಳ್ಳಿದ್ದು, ಎತ್ತಿದಾಗ ಬೆನ್ನು ತೊಳೆದಂತೆ ಚೊಕ್ಕಟವಾಗಿ ಬಂದರೆ ಅಂಟೇ ಹಿಡಿದಿಲ್ಲ ಅಂತ ಅರ್ಥ.

ಜಂಟಿ ತಪಾಸಣೆ ಹೀಗೆ ಮಾಡಿ. ಬಿಲ್ಡರ್ ಕಡೆಯ ಇಂಜಿನಿಯರ್, ನೀವು, ಸಾಧ್ಯವಾದರೆ ಮನೆ ಕೊಂಡವರು, ಮೂವರೂ ಇರಲಿ. ಕರಣೆ ಹಿಡಿಯಿಂದ ಪ್ರತಿ ಟೈಲ್‌ನ ನಾಲ್ಕು ಮೂಲೆ ಮತ್ತು ನಡುಮಧ್ಯ ತಟ್ಟುತ್ತಾ ಹೋಗಿ. ಗಟ್ಟಿ ಇದ್ದರೆ ಶಬ್ದ ಮೊಂಡಾಗಿ ಬರುತ್ತದೆ, ಟೊಳ್ಳಿದ್ದರೆ ಡಬ್ ಡಬ್ ಅನ್ನುತ್ತದೆ. ಟೊಳ್ಳಿದ್ದ ಜಾಗವನ್ನು ಸೀಮೆಸುಣ್ಣದಲ್ಲಿ ಗೀಚಿ. ರೂಮ್‌ವಾರು ನಕ್ಷೆಯಲ್ಲಿ ಗುರುತು ಹಾಕಿ, ಫೋಟೋ ತೆಗೆದು, ಕೆಳಗೆ ಎಲ್ಲರ ಸಹಿ ತೆಗೆದುಕೊಳ್ಳಿ. ಎರಡು ಪೀಸ್ ಎತ್ತಿಸಿ ಬೆನ್ನಿನ ಫೋಟೋನೂ ಇರಲಿ.

ಸಣ್ಣ ಬಿಲ್ಡರ್, ದಾವಣಗೆರೆ

ನಾನು ಆ ಕಡೆಯವನು, ಅದಕ್ಕೇ ಎರಡು ಮಾತು. ಎಲ್ಲ ಬಿಲ್ಡರ್‌ಗಳೂ ದುಡ್ಡು ಇಟ್ಟುಕೊಂಡು ಸತಾಯಿಸುವುದಿಲ್ಲ. ಬ್ಯಾಂಕ್ ಲೋನ್ ಹಂತ ಹಂತವಾಗಿ ಬಿಡುಗಡೆ ಆಗುತ್ತದೆ. ಕೊನೆಯ ಕಂತನ್ನು ಮಾಲೀಕರು ಸಣ್ಣಪುಟ್ಟ ಕಾರಣ ಹೇಳಿ ತಿಂಗಳುಗಟ್ಟಲೆ ತಡೆಹಿಡಿಯುತ್ತಾರೆ. ಟೈಲ್ಸ್ ಅಂತೂ ಮನೆ ಕೊಡುವ ಹೊತ್ತಿನ ಕೆಲಸ. ಅಷ್ಟರಲ್ಲಿ ನಮ್ಮ ಕೈಯೂ ಖಾಲಿ ಆಗಿರುತ್ತದೆ. ನಾಳೆ ಟೈಲ್ ಎದ್ದರೆ ಮಾಲೀಕರು ಫೋನ್ ಮಾಡುವುದು ನನಗೆ, ಮೇಸ್ತ್ರಿಗಲ್ಲ. ಅದಕ್ಕೇ ಶೇ. 5 ಹಿಡಿದಿಟ್ಟುಕೊಳ್ಳುವ ಪದ್ಧತಿ ಇರುವುದು.

ಆದರೆ ಈ ಕೇಸಿನಲ್ಲಿ ನಡೆದದ್ದು ಸರಿ ಅಲ್ಲ. ಹಿಡಿದಿಡುವುದಿದ್ದರೆ ಕೆಲಸ ಶುರುವಾಗುವ ಮೊದಲೇ ಹೇಳಬೇಕು. ಡೆಬಿಟ್ ಹಾಕುವುದಿದ್ದರೆ ಅಳತೆ ತೋರಿಸಬೇಕು, ಸರಿಮಾಡಲು ಮೇಸ್ತ್ರಿಗೇ ಮೊದಲು ಅವಕಾಶ ಕೊಡಬೇಕು. ತಕರಾರು ಇಲ್ಲದ 1,97,600 ಯಾಕೆ ನಿಲ್ಲಿಸಿದರು? ಅದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ.

ಸಿವಿಲ್ ವಕೀಲ, ತುಮಕೂರು

ದಾವಣಗೆರೆಯವರು ಒಳ್ಳೆಯ ಮಾತು ಹೇಳಿದರು. ತಕರಾರಿನ ದುಡ್ಡು, ತಕರಾರಿಲ್ಲದ ದುಡ್ಡು, ಎರಡನ್ನೂ ಬೇರೆ ಬೇರೆಯಾಗಿಯೇ ಕೇಳಬೇಕು. ಇನ್ನೊಂದು, ಮಾಲೀಕರು ಕೊಟ್ಟ ಮೇಲೆಯೇ ನಿಮಗೆ ಅಂತ ಮೊದಲೇ ಒಪ್ಪಂದ ಆಗಿರದಿದ್ದರೆ, ಬಿಲ್ಡರ್‌ಗೆ ಬರಬೇಕಾದ ಬಾಕಿಗೂ ನಿಮ್ಮ ದುಡ್ಡಿಗೂ ಸಂಬಂಧ ಇಲ್ಲ.

ಗೃಹಿಣಿ, ಶಿವಮೊಗ್ಗ

ಮನೆ ಕಟ್ಟಿಸಿದವರ ಕಡೆಯಿಂದ ನಾನೂ ಹೇಳಬೇಕು. ನಾವು ಬಿಲ್ಡರ್‌ಗೆ ಪೂರ್ತಿ ದುಡ್ಡು ಕೊಟ್ಟು ಮುಗಿಸಿದ್ದೆವು. ಗೃಹಪ್ರವೇಶದ ದಿನ ಪ್ಲಂಬರ್ ಬಂದು ಗೇಟ್ ಹತ್ತಿರ ನಿಂತರು. ಬಿಲ್ಡರ್ ತನಗೆ 85,000 ಕೊಟ್ಟಿಲ್ಲ, ನೀವೇ ಕೊಡಿ ಅಂದರು. ನೆಂಟರೆಲ್ಲ ನೋಡುತ್ತಿದ್ದರು. ಅವರ ಕಷ್ಟ ನೋಡಿ ಬೇಜಾರಾಯಿತು, ಆದರೆ ಎರಡನೇ ಸಲ ಕೊಡುವುದು ಎಲ್ಲಿಂದ?

ಅವರು ಒಂದು ತಿಂಗಳು ಮೊದಲೇ ಬಂದಿದ್ದರೆ ಕೊನೆಯ ಕಂತು ನಮ್ಮ ಕೈಯಲ್ಲೇ ಇತ್ತು. 'ಪ್ಲಂಬರ್‌ಗೆ ಕೊಟ್ಟ ರಸೀದಿ ತೋರಿಸಿ, ಆಮೇಲೆ ಚೆಕ್' ಅನ್ನಬಹುದಿತ್ತು. ಮೇಸ್ತ್ರಿಗಳೇ, ಆ ಮೂರು ಮನೆಯವರಲ್ಲಿ ಯಾರಾದರೂ ಕೊನೆಯ ಕಂತು ಕೊಡುವುದು ಬಾಕಿ ಇದೆಯಾ ನೋಡಿ. ಇದ್ದರೆ ಜಗಳವಾಡದೆ, ಮರ್ಯಾದೆಯಿಂದ ವಿಷಯ ತಿಳಿಸಿ.

ಟೈಲ್ಸ್ ಮೇಸ್ತ್ರಿ, ಮೈಸೂರು

ಮೂರನೇ ಮನೆಯವರದು ಇನ್ನೂ ಬಾಕಿ ಇದೆ ಅಕ್ಕ. ಮೇಷ್ಟ್ರು ಅವರು, ಒಳ್ಳೆಯ ಜನ. ಮಾತಾಡುತ್ತೇನೆ.

ಸಾಫ್ಟ್‌ವೇರ್, ಕ್ಯಾಲಿಫೋರ್ನಿಯಾ

ಇಲ್ಲಿ ನಮ್ಮ ಮನೆ ರಿಮಾಡೆಲ್ ಮಾಡಿಸುವಾಗ ಟೈಲ್ ಸಬ್ ಕಾಂಟ್ರಾಕ್ಟರ್‌ನಿಂದ ಒಂದು ನೋಟಿಸ್ ಬಂತು, ಗಾಬರಿಯಾಯಿತು. ಆಮೇಲೆ ಗೊತ್ತಾಯಿತು, ಇಲ್ಲಿ ಅದು ಮಾಮೂಲು. ಕೆಲಸ ಶುರುವಾದ 20 ದಿನದೊಳಗೆ ಮನೆ ಮಾಲೀಕರಿಗೆ ಆ ನೋಟಿಸ್ ಕೊಟ್ಟಿದ್ದರೆ, ದುಡ್ಡು ಬರದಿದ್ದಾಗ ಸಬ್ ಕಾಂಟ್ರಾಕ್ಟರ್ ಮನೆಯ ಮೇಲೆಯೇ ಮೆಕ್ಯಾನಿಕ್ಸ್ ಲಿಯನ್ (ಬಾಕಿಗಾಗಿ ಆಸ್ತಿಯ ಮೇಲಿನ ಹಕ್ಕು) ದಾಖಲಿಸಬಹುದು. ದಾಖಲಿಸಿದ ಮೇಲೆ ಸಾಮಾನ್ಯವಾಗಿ 90 ದಿನದೊಳಗೆ ಕೋರ್ಟಿಗೂ ಹೋಗಬೇಕು. ಅದಕ್ಕೇ ಇಲ್ಲಿ ಮಾಲೀಕರು ಕೊನೆಯ ಕಂತಿಗೆ ಮೊದಲು ಸಬ್ ಕಾಂಟ್ರಾಕ್ಟರ್‌ಗಳಿಂದ ಬಿಡುಗಡೆ ಪತ್ರ ಕೇಳುತ್ತಾರೆ. ನಮ್ಮಲ್ಲಿ ಹೀಗೇನಾದರೂ ಇದೆಯಾ?

ಸಿವಿಲ್ ವಕೀಲ, ತುಮಕೂರು

ಇಲ್ಲ, ನಮ್ಮಲ್ಲಿ ಸಬ್ ಕಾಂಟ್ರಾಕ್ಟರ್‌ಗೆ ಮನೆಯ ಮೇಲೆ ಅಂಥ ಹಕ್ಕಿಲ್ಲ. ಕರಾರು ಬಿಲ್ಡರ್ ಜೊತೆ, ದಾವೆಯೂ ಅವರ ಮೇಲೇ. ರಿಯಲ್ ಎಸ್ಟೇಟ್ ಪ್ರಾಧಿಕಾರ ರೇರಾಕ್ಕೂ ಹೋಗಲಾಗದು, ಅದು ಮನೆ ಕೊಂಡವರಿಗೆ ಇರುವುದು. ಗ್ರಾಹಕ ಆಯೋಗವೂ ಅಷ್ಟೇ. ಹಾಗಾಗಿ ಶಿವಮೊಗ್ಗದ ಮೇಡಂ ಹೇಳಿದ ರಸೀದಿ ಕೇಳುವ ಅಭ್ಯಾಸ ಇಲ್ಲಿ ಇನ್ನೂ ಜಾಸ್ತಿ ಬೇಕು.

ಅಕೌಂಟ್ಸ್, ಬೆಂಗಳೂರು

ಮೇಸ್ತ್ರಿಗಳೇ, ಬಿಲ್ಡರ್ ಟಿಡಿಎಸ್ (ಮೊದಲೇ ಕಡಿಯುವ ಆದಾಯ ತೆರಿಗೆ) ಹಿಡಿದಿದ್ದಾರಾ? ಹಿಡಿದಿದ್ದರೆ ನಿಮ್ಮ ಪ್ಯಾನ್‌ನ 26ಎಎಸ್ (ಹೀಗೆ ಹಿಡಿದ ತೆರಿಗೆಯ ಪಟ್ಟಿ) ತೆಗೆದು ನೋಡಿ. ಪೂರ್ತಿ ಬಿಲ್ ಅವರ ಪುಸ್ತಕಕ್ಕೆ ಏರಿದ್ದರೆ ಅದೂ ಸಾಕ್ಷಿ.

ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇದೆಯಾ? ಸಣ್ಣ ಉದ್ಯಮದವರಿಗೆ ಗರಿಷ್ಠ 45 ದಿನದಲ್ಲಿ ದುಡ್ಡು ಕೊಡಬೇಕು, ತಪ್ಪಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಅದೂ ಅಲ್ಲದೆ 2024ರ ಏಪ್ರಿಲ್‌ನಿಂದ, ಗಡುವು ಮೀರಿಸಿದವರು ದುಡ್ಡು ಕೊಡುವ ತನಕ ಆ ಖರ್ಚನ್ನು ಆದಾಯದಲ್ಲಿ ಕಳೆಯಲು ಆಗುವುದಿಲ್ಲ. ಲೆಕ್ಕ ಬರೆಯುವ ಬಿಲ್ಡರ್‌ಗಳಿಗೆ ಇದು ಚೆನ್ನಾಗಿ ತಟ್ಟುತ್ತದೆ.

ಟೈಲ್ಸ್ ಮೇಸ್ತ್ರಿ, ಮೈಸೂರು

26ಎಎಸ್‌ನಲ್ಲಿ ಕೊಟ್ಟ 2,40,000 ಅಷ್ಟೇ ಇದೆ ಸರ್. ಉದ್ಯಮ್ ಮಾಡಿಸಿಲ್ಲ. ಇನ್ನೊಂದು ವಿಷಯ, ಅವರು 50,000ದ ಒಂದು ಚೆಕ್ ಕೊಟ್ಟಿದ್ದಾರೆ. 'ಹಾಕಬೇಡಿ, ನಾನು ಹೇಳಿದಾಗ ಹಾಕಿ' ಅಂದಿದ್ದರು. ಅದರ ದಿನಾಂಕ ಕಳೆದು ಎರಡು ತಿಂಗಳ ಮೇಲಾಯಿತು.

ಸಿವಿಲ್ ವಕೀಲ, ತುಮಕೂರು

ಚೆಕ್ಕಿಗೆ ಮೂರೇ ತಿಂಗಳು ಆಯಸ್ಸು. ಇವತ್ತೇ ಅವರಿಗೆ ಮೆಸೇಜ್ ಹಾಕಿ, ನಾಳೆ ಬ್ಯಾಂಕಿಗೆ ಹಾಕಿ. ಬೌನ್ಸ್ ಆದರೆ, ಬ್ಯಾಂಕ್ ಮೆಮೊ ಕೈಗೆ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿ 15 ದಿನದಲ್ಲಿ ದುಡ್ಡು ಬರದಿದ್ದರೆ, ಆ ನಂತರದ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ (ಚೆಕ್ ಬೌನ್ಸ್) ದೂರು. ಒಂದು ಗಡುವು ತಪ್ಪಿದರೂ ಕೇಸಿನ ಬಲ ಹೋಗುತ್ತದೆ.

ಉದ್ಯಮ್ ಬಗ್ಗೆ: ಕೆಲಸ ಆದ ಮೇಲೆ ಮಾಡಿಸಿದ ರಿಜಿಸ್ಟ್ರೇಷನ್ ಹಳೆಯ ಬಿಲ್ಲಿಗೆ ಅನ್ವಯಿಸುವುದು ಕಷ್ಟ. ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ದೊಡ್ಡ ಪೀಠಕ್ಕೆ ಕಳಿಸಿದೆ. ಕಟ್ಟಡ ಗುತ್ತಿಗೆಗೆ ಆ ಕಾಯ್ದೆ ಹೊಂದುವುದಿಲ್ಲ ಅಂತ ಹೇಳಿದ ಹೈಕೋರ್ಟ್ ತೀರ್ಪುಗಳೂ ಇವೆ. ಈ ಬಾಕಿಗೆ ಅದನ್ನು ನಂಬಿ ಕೂರಬೇಡಿ. ಮುಂದಿನ ಕೆಲಸಕ್ಕಾಗಿ ಈಗಲೇ ಮಾಡಿಸಿ. ಅದು ಉಚಿತ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ.

ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ನೋಟಿಸ್ ಹೋಗಲಿ. ಕೆಲಸದ ಅಳತೆ, ರೇಟ್, ಬಂದದ್ದು, ಬಾಕಿ, ಜಂಟಿ ತಪಾಸಣೆಗೆ ಒಂದು ದಿನಾಂಕ, ಎಲ್ಲ ಇರಲಿ. ಈ ನೋಟಿಸ್ ದಿನದಿಂದ ಬಡ್ಡಿ ಕೇಳುತ್ತೇನೆ ಅಂತ ಸ್ಪಷ್ಟವಾಗಿ ಬರೆಯಿರಿ. ಬಡ್ಡಿ ದರ ಮಾತಾಗಿರದಿದ್ದರೂ, ಹಾಗೆ ಬರೆದು ಕೇಳಿದ್ದರೆ 1978ರ ಬಡ್ಡಿ ಕಾಯ್ದೆಯಡಿ ಕೋರ್ಟ್ ಆ ದಿನದಿಂದ ಬಡ್ಡಿ ಕೊಡಿಸಬಹುದು.

ಟೈಲ್ಸ್ ಮೇಸ್ತ್ರಿ, ಮೈಸೂರು

ಸುದ್ದಿ ಇದೆ. ಚೆಕ್ ಹಾಕುತ್ತೇನೆ ಅಂತ ಮೆಸೇಜ್ ಮಾಡಿದ ಮೇಲೆ ಬೈದರು, ಆದರೆ ಚೆಕ್ ಪಾಸಾಯಿತು. ಈಗ ಬಾಕಿ 2,67,600. ಎರಡು ದಿನ ಅಕ್ಕಿ, ಬಾಡಿಗೆ ಅಂತ ಓಡಾಡುತ್ತಿದ್ದ ಹುಡುಗರಿಗೆ ಸ್ವಲ್ಪ ಕೊಟ್ಟೆ.

ನೋಟಿಸ್ ತಲುಪಿದ ಮೇಲೆ ಅವರ ಇಂಜಿನಿಯರ್ ತಪಾಸಣೆಗೆ ಒಪ್ಪಿದರು. ಮೇಷ್ಟ್ರೇ ಬಾಗಿಲು ತೆಗೆದು, ಕೊನೆಯವರೆಗೂ ಜೊತೆಯಲ್ಲೇ ನಿಂತರು. ಪ್ರತಿ ಪೀಸೂ ತಟ್ಟಿದೆವು. ಮೂರನೇ ಮನೆಯಲ್ಲಿ 46 ಟೈಲ್ಸ್ ಟೊಳ್ಳು, ಹೆಚ್ಚಿನವು ಹಾಲ್ ಮತ್ತು ಮೇಲಿನ ಬೆಡ್‌ರೂಮಿನಲ್ಲಿ. ಒಂದು ಪೀಸಿಗೆ 8 ಚದರ ಅಡಿ, ಒಟ್ಟು 368. ಎರಡು ಎತ್ತಿಸಿದೆವು. ಬೆನ್ನಿಗೆ ಸಿಮೆಂಟಿನ ಪುಡಿಯೂ ಹತ್ತಿರಲಿಲ್ಲ, ಕಂಪನಿಯ ಹೆಸರು ಓದುವ ಹಾಗೆ ಚೊಕ್ಕವಾಗಿತ್ತು. ಇಂಜಿನಿಯರ್ ಸುಮ್ನೆ ನೋಡಿದರು, ನಕ್ಷೆಗೆ ಸಹಿ ಹಾಕಿದರು.

ಸೈಟ್ ಇಂಜಿನಿಯರ್, ಬೆಂಗಳೂರು

ತುಂಬ ಒಳ್ಳೆಯ ಕೆಲಸ ಮಾಡಿದ್ರಿ. ಈಗ ಲೆಕ್ಕ ಹಾಕಿ. ಟೈಲ್ ಬೆಲೆ ಚದರ ಅಡಿಗೆ 65 ಅಂದುಕೊಂಡರೆ 23,920. ಕಿತ್ತು ಮತ್ತೆ ಹಾಕುವ ಕೂಲಿ 50ರಂತೆ 18,400. ಎಲ್ಲವನ್ನೂ ನಿಮ್ಮ ತಲೆಗೇ ಕಟ್ಟಿದರೂ ಅಡ್ಹೆಸಿವ್ ಬಿಟ್ಟು 42,320 ದಾಟುವುದಿಲ್ಲ. ಇನ್ನು 1,20,000ದ ಮಾತು ನಿಲ್ಲುವುದಿಲ್ಲ.

ಸಿವಿಲ್ ವಕೀಲ, ತುಮಕೂರು

ಬಾಕಿ 3 ಲಕ್ಷದ ಕೆಳಗೆ ಬಂದದ್ದರಿಂದ ದಾರಿಯೂ ಸ್ವಲ್ಪ ಬದಲಾಯಿತು. 3 ಲಕ್ಷ ಅಥವಾ ಮೇಲಿದ್ದರೆ ಕಟ್ಟಡ ಗುತ್ತಿಗೆಯ ದಾವೆ ಕಮರ್ಷಿಯಲ್ ಕೋರ್ಟಿಗೆ ಹೋಗುತ್ತದೆ, ತುರ್ತು ಆದೇಶ ಬೇಕಾದ ಸಂದರ್ಭ ಬಿಟ್ಟರೆ ಅದಕ್ಕೂ ಮೊದಲು ಮಧ್ಯಸ್ಥಿಕೆ ಕಡ್ಡಾಯ. ನಿಮಗೆ ಈಗ ಅದು ಬೇಕಿಲ್ಲ. ಜಿಲ್ಲಾ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ, ದಾವೆ ಹೂಡುವ ಮೊದಲೇ ಲೋಕ ಅದಾಲತ್‌ಗೆ ತೆಗೆದುಕೊಳ್ಳಿ ಅಂತ. ಕೋರ್ಟ್ ಶುಲ್ಕ ಇಲ್ಲ. ಅವರೇ ಬಿಲ್ಡರ್‌ಗೆ ನೋಟಿಸ್ ಕಳಿಸುತ್ತಾರೆ. ಸಹಿಯಾದ ನಕ್ಷೆ ಇರುವುದರಿಂದ ರಾಜಿ ಆಗುವ ಸಾಧ್ಯತೆ ಜಾಸ್ತಿ.

ಟೈಲ್ಸ್ ಮೇಸ್ತ್ರಿ, ಮೈಸೂರು

ಅರ್ಜಿ ಕೊಟ್ಟೆ ಸರ್. ನೋಟಿಸ್ ಹೋದ ಮೇಲೆ ಬಿಲ್ಡರ್ ಅವರೇ ಫೋನ್ ಮಾಡಿದರು. ಮೇಷ್ಟ್ರು ಕೂಡ ಅವರಿಗೆ 'ಮೇಸ್ತ್ರಿ ಲೆಕ್ಕ ಮುಗಿಸಿ, ಆಮೇಲೆ ನನ್ನ ಕೊನೆಯ ಚೆಕ್ ತೆಗೆದುಕೊಂಡು ಹೋಗಿ' ಅಂದಿದ್ದಾರಂತೆ. ಮಾತು ಹೀಗಾಗಿದೆ. 46 ಟೈಲ್ಸ್ ನಾನು ಕೂಲಿ ಇಲ್ಲದೆ ಮತ್ತೆ ಹಾಕಿಕೊಡಬೇಕು. ಟೈಲ್ಸ್, ಅಡ್ಹೆಸಿವ್ ಅವರದು. ಅದು ಮುಗಿಯುವ ತನಕ 18,400 ಅವರ ಹತ್ತಿರ ಇರುತ್ತದೆ. ಉಳಿದ 2,49,200ರಲ್ಲಿ ಮೊದಲು 1,00,000, ಆಮೇಲೆ ಎರಡು ತಿಂಗಳು 74,600ರಂತೆ. 'ಒಂದು ಛಾಪಾ ಕಾಗದದಲ್ಲಿ ಬರೆದುಕೊಳ್ಳೋಣ, ಅದಾಲತ್‌ಗೆಲ್ಲ ಯಾಕೆ ಬರೋದು' ಅನ್ನುತ್ತಿದ್ದಾರೆ. ಒಪ್ಪಬಹುದಾ?

ಎಲೆಕ್ಟ್ರಿಕಲ್ ಗುತ್ತಿಗೆದಾರ, ಹುಬ್ಬಳ್ಳಿ

ಮಾತು ಚೆನ್ನಾಗಿದೆ, ಒಪ್ಪಿರಿ. ಆದರೆ ಅದಾಲತ್ ಬಿಡಬೇಡಿರಿ. ಕೊಡುವ ಮನಸ್ಸಿದ್ದವರಿಗೆ ಅಲ್ಲಿ ಬಂದು ಸಹಿ ಹಾಕಲು ಏನು ತೊಂದರೆ?

ಸಿವಿಲ್ ವಕೀಲ, ತುಮಕೂರು

ಅದೇ ಸರಿ. ಛಾಪಾ ಕಾಗದದ ಒಪ್ಪಂದ ಮುರಿದರೆ ಮತ್ತೆ ಮೊದಲಿನಿಂದ ದಾವೆ ಹೂಡಬೇಕು. ಲೋಕ ಅದಾಲತ್ ಅವಾರ್ಡ್ ಸಿವಿಲ್ ಕೋರ್ಟ್ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಸಮ, ಅದರ ಮೇಲೆ ಅಪೀಲು ಇಲ್ಲ. ಕಂತು ತಪ್ಪಿದರೆ ನೇರವಾಗಿ ವಸೂಲಿಗೆ ಅರ್ಜಿ ಹಾಕಬಹುದು.

ಅವಾರ್ಡಿನಲ್ಲಿ ಈ ಮಾತುಗಳು ಇರಲೇಬೇಕು. 1,00,000 ಅದೇ ದಿನ ಬ್ಯಾಂಕ್ ಮೂಲಕ. ಉಳಿದ ಎರಡು ಕಂತಿಗೆ ತಾರೀಖು ಸಮೇತ ಚೆಕ್. ಒಂದು ಕಂತು ತಪ್ಪಿದರೂ ಉಳಿದದ್ದೆಲ್ಲ ಒಟ್ಟಿಗೆ, ಬಡ್ಡಿ ಸಮೇತ ಕೊಡಬೇಕು. ಅವರು ಟೈಲ್ಸ್, ಅಡ್ಹೆಸಿವ್ ತಂದುಕೊಡಲು ಒಂದು ಗಡುವು, ತಂದುಕೊಡದಿದ್ದರೆ ಆ 18,400 ನಿಮ್ಮದು. ಈ ಕೊನೆಯ ಮಾತು ಬರೆಸದಿದ್ದರೆ ಮೆಟೀರಿಯಲ್ ಕಳಿಸದೆಯೇ ವರ್ಷ ತಳ್ಳಬಹುದು.

ಟೈಲ್ಸ್ ಮೇಸ್ತ್ರಿ, ಮೈಸೂರು

ಎಲ್ಲ ಬರೆದುಕೊಂಡೆ ಸರ್. ಅದಾಲತ್‌ಗೇ ಬನ್ನಿ ಅಂತ ಅವರಿಗೆ ಹೇಳಿದೆ, ಬರುತ್ತೇನೆ ಅಂದರು. ನಕ್ಷೆ, ಫೋಟೋ, ನೋಟಿಸ್ ರಸೀದಿ ಎಲ್ಲ ಒಂದು ಫೈಲ್ ಮಾಡಿದ್ದೇನೆ. ಮುಂದಿನ ವಾರ ನಂಜನಗೂಡು ರಸ್ತೆಯಲ್ಲಿ ಬೇರೆಯವರ ಎರಡು ಮನೆ ಶುರುವಾಗುತ್ತಿದೆ. ರೇಟು, ಕಂತು, ಯಾವ ಟೈಲ್ಸಿಗೆ ಯಾವ ಅಡ್ಹೆಸಿವ್ ಅಂತ ಒಂದು ಪುಟದಲ್ಲಿ ಬರೆಸಿಕೊಂಡಿದ್ದೇನೆ. ಅವರು ಏನೂ ಹೇಳದೆ ಸಹಿ ಹಾಕಿದರು.